ಏಳು ನೀರು ಕಂಡ ಅರಿವೆ

ಎದ್ದು ನಿಂತಾಗಲೂ ಆಕೆಯ ಬೆನ್ನು ಕೂತೇ ಇರುತ್ತಿತ್ತು. ಸೊಂಟದಿಂದ ಮೇಲಿನ ದೇಹ ಮುಂದಕ್ಕೆ ಬಾಗಿ, ಬಾಗಿದಲ್ಲೇ ಎಲುಬು ಗಟ್ಟಿಯಾಗಿಬಿಟ್ಟಿತ್ತು. ತಲೆ ನನ್ನ ಹೊಟ್ಟೆಯ ಮಟ್ಟಕ್ಕೆ ಬರುತ್ತಿತ್ತು. ಹಕ್ಕಿ ಹಾರಿದರೆ ನೋಡಲು ಗೋಡೆಗೆ ಕೈಕೊಟ್ಟು, ಇಡೀ ಮೈಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಒಂದೇ ಕಣ್ಣಿನಿಂದ ನೋಡುತ್ತಿದ್ದಳು. ಓಣಿಯ ಜನರನ್ನು ಪಾದಗಳಿಂದ ಗುರುತಿಸುತ್ತಿದ್ದಳು. ಯಾರ ಹೆಬ್ಬೆರಳು ಹೊರಕ್ಕೆ ತಿರುಗಿದೆ, ಯಾರ ಹಿಮ್ಮಡಿ ಒಡೆದಿದೆ, ಯಾರು ಚಪ್ಪಲಿಯನ್ನು ಒಂದೇ ಕಡೆ ಸವೆಸುತ್ತಾರೆ ಎಂಬುದೆಲ್ಲ ಆಕೆಗೆ ಗೊತ್ತಿತ್ತು. ನಾನು ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಎದುರುಗಡೆಯಿಂದ ದನಿ ಬರುತ್ತಿತ್ತು:

“ಪೇಪರ ತಮ್ಮಾ, ಎಡಗಾಲು ಎಳೀತೈತಲ್ಲ ಇವತ್ತ. ರಾತ್ರಿ ಯಾವ ಮಗ್ಗಲಾ ಮಲಗಿದ್ದಿ?”

ಓಣಿಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಇಳಕಲ್ಲಿನ ನೇಕಾರ ಓಣಿಯಲ್ಲಿ ನನ್ನ ಬಾಡಿಗೆ ಮನೆಯ ಎದುರಿಗೆ ಆಕೆಯ ಮನೆ. ಒಂದೇ ಕೋಣೆ, ಅದರ ಅರ್ಧವನ್ನು ಮಗ್ಗ ತಿಂದಿತ್ತು. ನೆಲದಲ್ಲಿ ಕುಣಿ ತೋಡಿ, ಕಾಲುಗಳನ್ನು ಅದರೊಳಗೆ ಇಳಿಬಿಟ್ಟು, ಮುಂದಕ್ಕೆ ಬಾಗಿ ನೇಯುವ ಮಗ್ಗ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ ಎಂದು ಓಣಿಯವರು ಹೇಳುತ್ತಿದ್ದರು. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಬರೆಯಬೇಕೆಂಬುದು ನನ್ನ ಉದ್ಯೋಗದ ಮೊದಲ ಪಾಠ. ಮಕ್ಕಳಿರಲಿಲ್ಲ ಎಂಬುದು ನಾನು ಕೇಳಿದ್ದು.

ನಾನು ಬಾಗಲಕೋಟೆಯ ಸಾಲಿ ಮಾಸ್ತರರ ಮನೆತನದವನು. ಆಗ ಒಂದು ದಿನಪತ್ರಿಕೆಗೆ ಹುನಗುಂದ ತಾಲೂಕಿನ ಬಾತ್ಮೀದಾರ. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಹುನಗುಂದದಿಂದ ಇಳಕಲ್ಲಿಗೆ ಬರುತ್ತಿದ್ದ ಬಸ್ಸು ಒಂದು ಹಳ್ಳದ ತಿರುವಿನಲ್ಲಿ ಮಗುಚಿತು. ಆ ಸುದ್ದಿಯನ್ನು ಮರುದಿನ ಬೋರಲು ಮಲಗಿಕೊಂಡು ನಾನೇ ಬರೆದೆ. ಗಾಯಗೊಂಡವರ ಎಣಿಕೆಯಲ್ಲಿ ನನ್ನನ್ನೂ ಸೇರಿಸಿದೆ, ಹೆಸರು ಹಾಕಲಿಲ್ಲ. ಬಾಗಲಕೋಟೆಯ ಡಾಕ್ಟರರು ಬೆನ್ನ ಮೇಲೆ ಬೆರಳಿಟ್ಟು ಒಂದೊಂದೇ ಮಣಿ ಎಣಿಸಿ, “ತುಂಬಿದ ಕೊಡಾ ಎತ್ತಬ್ಯಾಡ್ರಿ. ಬಗ್ಗಿ ಏನೂ ತಗೀಬ್ಯಾಡ್ರಿ. ಈ ಮಣಿ ಇನ್ನೊಮ್ಮೆ ಸರಿದ್ರ ಕಾಲು ಹೋಗ್ತಾವ” ಎಂದರು.

ಆಗ ನನ್ನ ಹೆಂಡತಿ ಬಸುರಿ. ನಾಲ್ಕು ತಿಂಗಳ ನಂತರ ಹೆಣ್ಣು ಹೆತ್ತಳು. ಒಂಬತ್ತನೆಯ ದಿನ ಬಾಣಂತಿ ಜ್ವರದಿಂದ ಹೋದಳು.

ಉಳಿದದ್ದು ಒಂದು ಕೂಸು, ಅದನ್ನು ಎತ್ತಿಕೊಳ್ಳಲಾರದ ನಾನು, ಎದುರು ಮನೆಯ ಆಯಿ. ಎತ್ತುವುದು ಆಕೆಗೂ ಆಗುತ್ತಿರಲಿಲ್ಲ. ಮಗ್ಗುಲ ಮನೆಯ ಸೊಸೆ ಬಂದು ತೊಟ್ಟಿಲಿನಿಂದ ಎತ್ತಿ ಚಾಪೆಯ ಮೇಲೆ ಮಲಗಿಸುವಳು. ಆಯಿ ಅದರ ಪಕ್ಕ ಕೂತು ಒಳಲೆಯಿಂದ ಹಾಲು ಹಾಕುವಳು. ಸೊಸೆ ನೀರಿಗೆ ಹೋಗಿದ್ದರೆ ಕೂಸು ಅತ್ತು ಅತ್ತು ದನಿ ಒಣಗುವವರೆಗೆ ನಾವಿಬ್ಬರೂ ತೊಟ್ಟಿಲು ತೂಗುತ್ತ ದಾರಿ ಕಾಯುತ್ತಿದ್ದೆವು. ಹೆಗಲಿಗೆ ಹಾಕಿಕೊಂಡರೆ ಸುಮ್ಮನಾಗುವ ಅಳು ಎಂದು ಇಬ್ಬರಿಗೂ ಗೊತ್ತಿತ್ತು.

ಕೂಸಿಗೆ ಮೂರು ತಿಂಗಳು ತುಂಬಿದಾಗ ಹೆಂಡತಿಯ ಅಣ್ಣ ಕೆರೂರಿನಿಂದ ಬಂದರು. ಅವರೂ ಮಾಸ್ತರರೇ. ಕೆಟ್ಟ ಮನುಷ್ಯರಲ್ಲ, ನೋಡಿದ್ದನ್ನು ನೋಡಿದ ಹಾಗೆ ಹೇಳುವವರು. ಅವರು ಕೂತಿದ್ದ ಅರ್ಧ ತಾಸಿನಲ್ಲೇ ಕೂಸು ಎರಡು ಸಲ ಅತ್ತಿತು, ಎರಡು ಸಲವೂ ಸೊಸೆಯನ್ನು ಕೂಗಬೇಕಾಯಿತು.

“ನೋಡ್ರಿ, ಮುಚ್ಚಿ ಹೇಳೋದಿಲ್ಲ,” ಎಂದರು. “ಸೊಲ್ಲಾಪುರದಾಗ ನಮ್ಮ ಸ್ವಾದರತ್ತಿ ಮಗಳಿಗೆ ಮಕ್ಕಳಿಲ್ಲ. ಅವರು ದತ್ತಕ ತಗೋತಾರ. ನಿಮಗ ಈ ಕೂಸು ಎತ್ತಲಿಕ್ಕೆ ಬರೋದಿಲ್ಲ. ನಾಳೆ ಬೀಳ್ತದ, ಏಳ್ತದ, ಓಡ್ತದ, ಆವಾಗೇನು ಮಾಡ್ತೀರಿ? ಯುಗಾದಿ ಆದಮ್ಯಾಲೆ ಬಂದು ಕರಕೊಂಡು ಹೋಗ್ತೇನಿ.”

ಅವರ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ದತ್ತಕ ಹೋದ ಕೂಸು ಮತ್ತೆ ನನ್ನದಾಗುವುದಿಲ್ಲ ಎಂಬುದಷ್ಟೇ ಅವರು ಹೇಳದೆ ಬಿಟ್ಟ ಸಂಗತಿ.

ಅವರು ಬಸ್ಸಿಗೆ ಹೋದ ಮೇಲೆ ಆಯಿ ಹೊಸ್ತಿಲ ಮೇಲೆ ಬಂದು ಕೂತಳು.

“ನಿಮ್ಮ ಮಾಸ್ತರ ಏನಂದಾ? ಎತ್ತಾಕ ಬರಾಂಗಿಲ್ಲ ಅಂದ. ಹೊರಾಕ ಬರಾಂಗಿಲ್ಲ ಅಂದಾನೇನು?”

“ಎರಡೂ ಒಂದ ಅಲ್ಲೇನು ಆಯಿ?”

“ಒಂದ ಹ್ಯಾಂಗಾದೀತೋ ಹುಚ್ಚಾ. ಎತ್ತೋದು ತೋಳಿಂದು. ಹೊರೋದು ನಡುವಿಂದು. ಹಮಾಲರನ್ನ ನೋಡು, ಚೀಲ ಎತ್ತಿ ಇಡಾಕ ಇಬ್ಬರು ಬೇಕು, ಹೊತ್ಕೊಂಡು ಹೋಗಾಕ ಒಬ್ಬನ ಸಾಕು. ಎತ್ತಿ ಕೊಡಾಕ ಓಣಿ ತುಂಬ ಹೆಂಗಸರದಾರ. ನೀ ಹೊರಾದು ಕಲಿ.”

ಹೀಗೆ ಶುರುವಾಯಿತು. ಯುಗಾದಿಗೆ ಆರು ವಾರ ಉಳಿದಿದ್ದವು.

ಮೊದಲು ಬಗಲು. ನಮ್ಮ ಕಡೆಯ ಹೆಂಗಸರೆಲ್ಲ ಕೂಸನ್ನು ಸೊಂಟಕ್ಕೆ ಕೂಡಿಸಿಕೊಂಡೇ ಕೆಲಸ ಮಾಡುವವರು. ಸೊಸೆ ಕೂಸನ್ನು ನನ್ನ ಬಗಲಿಗೆ ಕೊಟ್ಟಳು. ಹತ್ತು ಹೆಜ್ಜೆಗೆ ಎಡಗಾಲಿನಲ್ಲಿ ಬೆಂಕಿ ಇಳಿಯಿತು. ಆಯಿ ಹಿಂದಿನಿಂದ ನನ್ನ ಹಿಮ್ಮಡಿಗಳನ್ನೇ ನೋಡುತ್ತಿದ್ದಳು. “ಸಾಕು. ಒಂದ ಎತ್ತು ಹೂಡಿದ ಗಾಡಿ ಇದು, ಹಳ್ಳಕ್ಕ ಹೋಗತೈತಿ” ಎಂದಳು.

ಆಮೇಲೆ ನನ್ನದೇ ಧೋತರವನ್ನು ಒಂದು ಹೆಗಲಿನಿಂದ ಜೋಳಿಗೆಯಂತೆ ಇಳಿಬಿಟ್ಟೆವು. ಅದೂ ಒಂದೇ ಕಡೆ ಎಳೆಯುತ್ತಿತ್ತು. ಅದರೊಳಗೆ ಕೂಸು ಬಿಲ್ಲಿನಂತೆ ಮಡಿಚಿಕೊಂಡು ಮಲಗಿತ್ತು. ಆಯಿ ಒಳಗೆ ಇಣುಕಿ ನೋಡಿದವಳೇ, “ತಗಿ, ತಗಿ, ಮೊದಲು ತಗಿ” ಎಂದು ಚೀರಿದಳು. ಆ ದನಿ ನನಗೆ ಅರ್ಥವಾಗಲಿಲ್ಲ. ಕೂಸು ನಿದ್ದೆ ಮಾಡುತ್ತಿತ್ತು.

ಸಂತೆಯ ದಿನ ಕಟ್ಟಿಗೆ ಮಾರಲು ತಾಂಡಾದಿಂದ ಬರುವ ಒಬ್ಬ ಲಂಬಾಣಿ ಹೆಂಗಸಿದ್ದಳು. ತಲೆಯ ಮೇಲೆ ಹೊರೆ, ಬೆನ್ನಿಗೆ ಕೂಸು, ಎರಡು ಕೈಗಳೂ ಖಾಲಿ. ಆಯಿ ಆಕೆಯನ್ನು ದಾರಿಯಲ್ಲಿ ತಡೆದಳು.

“ಯವ್ವಾ, ಚೂರು ನಿಲ್ಲು. ನೀ ಹ್ಯಾಂಗ ಕಟ್ಟೀದಿ ನೋಡ್ತೇನಿ.”

“ಕಟಿಗಿ ಬೇಕೇನ ಆಯಿ?”

“ಕಟಿಗಿ ಅಲ್ಲ, ಕೂಸ.”

“ಕೂಸ ಮಾರಾಕ ತಂದಿಲ್ಲ ಆಯಿ,” ಎಂದು ಆ ಹೆಂಗಸು ನಕ್ಕಳು. ಆಯಿ ನಗಲಿಲ್ಲ. ಆಕೆಯ ಸುತ್ತ ಒಂದು ಸುತ್ತು ತಿರುಗಿ, ಗಂಟು ಎಲ್ಲಿ ಬಿದ್ದಿದೆ, ಭಾರ ಎಲ್ಲಿ ಕೂತಿದೆ ಎಂದು ನೋಡಿದಳು. ನಿಂತವರ ಕಣ್ಣಿಗೆ ಬೀಳದ ಜಾಗ ಅದು. ಆಯಿಯ ಕಣ್ಣಿಗೆ ಅದೇ ನೇರ. ಎರಡು ಹೆಗಲ ಮೇಲಿಂದ ಬಂದ ಅರಿವೆ ಎದೆಯ ಮೇಲೆ ದಾಟಿ, ಸೊಂಟದ ಎಲುಬಿನ ಮೇಲೆ ಗಂಟಾಗಿತ್ತು.

“ಇದು ಖರೆ,” ಎಂದಳು ಮನೆಗೆ ಬಂದು. “ಎರಡು ಹೆಗಲಿಗೂ ಹಂಚಿ ನಡಕ್ಕ ಕಟ್ಟಬೇಕು. ಆದ್ರ ನಿನಗ ಡುಬ್ಬದ ಮ್ಯಾಲೆ ಬ್ಯಾಡ. ಮುಂದ ಕಟ್ಟೋಣು.”

“ಹಿಂದ ಕಟ್ಟಿದ್ರ ಬರಿಲಿಕ್ಕೆ ಕೈ ಬಿಡುವು ಇರ್ತಾವಲ್ಲ?”

“ಡುಬ್ಬದ ಮ್ಯಾಲಿನ ಕೂಸು ಸುಮ್ಮನಾದ್ರ ನಿನಗ ಯಾರು ಬಂದು ಹೇಳ್ತಾರ? ಆಕಿ ಹಾಲು ಕುಡಿಯೂದ್ರಾಗಿಂದ ಹೊತ್ತಾಕಿ, ಆಕಿಗೆ ಡುಬ್ಬಕ್ಕೂ ಕಣ್ಣದಾವ. ನೀ ಹೊಸಬ.”

ಓಣಿಯಲ್ಲಿ ಇದರ ಬಗ್ಗೆ ಮಾತಿತ್ತು. ಮೈಗೆ ಕೂಸು ಕಟ್ಟಿಕೊಳ್ಳುವುದು ಕಲ್ಲುಗಣಿಯ ಕೂಲಿಯವರು, ಕಟ್ಟಿಗೆ ಹೊರುವವರು ಮಾಡುವ ಕೆಲಸ ಎಂಬುದು ಒಂದು. ಗಂಡಸು ತನ್ನ ಕೂಸನ್ನು ಹಿರಿಯರ ಎದುರಿಗೆ ಮುಟ್ಟುವುದೇ ಮರ್ಯಾದೆಯಲ್ಲ ಎಂಬುದು ಇನ್ನೊಂದು. ನಾನು ಎರಡನ್ನೂ ಒಂದೇ ಸಲಕ್ಕೆ ಮುರಿಯಲು ಹೊರಟಿದ್ದೆ. ಆಯಿ ಮುರಿಯಲು ಹೊರಟದ್ದು ಮೂರನೆಯದನ್ನು. ಅದನ್ನು ಕಂಡು ಓಣಿಯ ನೇಕಾರರು ನಿಜವಾಗಿ ದಂಗಾದರು.

ಒಂದು ಸೀರೆ ಮುಗಿದ ಮೇಲೆ ಮಗ್ಗದಲ್ಲಿ ಉಳಿದಿದ್ದ ನೂಲಿನಲ್ಲಿ ಆಕೆ ಒಂದು ಪಟ್ಟಿ ನೇಯ್ದಳು. ಬಣ್ಣವಿಲ್ಲ, ಅಂಚಿಲ್ಲ, ರೇಷ್ಮೆಯ ಒಂದು ಎಳೆಯೂ ಇಲ್ಲ. ದಪ್ಪ ಹತ್ತಿ, ಒಂದೂವರೆ ಗೇಣು ಅಗಲ, ಎಂಟು ಮೊಳ ಉದ್ದ. ಅದನ್ನು ಮಗ್ಗದಿಂದ ಇಳಿಸಿದವಳೇ ಬಾವಿಯ ಕಲ್ಲಿಗೆ ಒಯ್ದು ಒಗೆದಳು. ನೇಕಾರರ ಮನೆಯಲ್ಲಿ ಹೊಸ ಬಟ್ಟೆ ನೀರು ಕಾಣುವುದಿಲ್ಲ. ನೂಲಿಗೆ ಹಾಕಿದ ಗಂಜಿಯ ಬಿರುಸಿನಲ್ಲೇ ಅದು ಮಡಿಕೆಯಾಗಿ ಹೊರಗೆ ಹೋಗಬೇಕು. ಮೊದಲ ನೀರು ಕೊಂಡವರ ಮನೆಯದು. ನೇಯ್ದವಳೇ ನೀರಿಗೆ ಹಾಕಿದರೆ ಮಗ್ಗಕ್ಕೆ ಏಳಿಗೆಯಿಲ್ಲವೆಂದು ನಂಬಿಕೆ.

“ಆಯೀ, ತಲಿ ಕೆಟ್ಟೈತೇನು? ಹೊಸಾ ಅರಿವಿ ನೀರಿಗೆ ಹಾಕೀದಿ!” ಎಂದು ಬಾವಿಯ ಹತ್ತಿರದವರು ಕೂಗಿದರು.

“ಹಳೇದಾಗ್ಲಿ,” ಎಂದಳು.

ಮೊದಲ ನೀರು ಹಾಲಿನಂತೆ ಬೆಳ್ಳಗಿತ್ತು. ಒಣಗಿಸಿ ಮತ್ತೆ ಒಗೆದಳು. ಏಳು ದಿನ, ಏಳು ಸಲ. ಏಳನೆಯ ಸಲ ನೀರು ನೀರಿನ ಹಾಗೇ ಬಂತು. ಅರಿವೆಯನ್ನು ಗಂಟು ಹಾಕಿ, ತೊಯಿಸಿ, ಗಂಟಿನ ಎರಡೂ ತುದಿ ಹಿಡಿದು ಕಾಲಿನಿಂದ ಒದ್ದು ಜಗ್ಗಿದಳು. ಗಂಟು ಕದಲಲಿಲ್ಲ. ಯಾಕೆ ಇಷ್ಟೆಲ್ಲ ಎಂದು ನಾನು ಕೇಳಿದೆ. ಆಕೆ ಕೇಳಿಸದವಳಂತೆ ಅರಿವೆ ಮಡಿಚಿದಳು.

ಕೂಸನ್ನು ಕೂಡಲೇ ಕೊಡಲಿಲ್ಲ. ಕೂಸಿನಷ್ಟೇ ತೂಕದ ಜೋಳವನ್ನು ಒಂದು ಚೀಲದಲ್ಲಿ ತುಂಬಿ, ಅದನ್ನು ನನ್ನ ಎದೆಗೆ ಕಟ್ಟಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಾ ಎಂದಳು. ಬಂದ ಮೇಲೆ, “ಎಲ್ಲಿ ನೋಯತೈತಿ? ಬೆರಳು ಇಟ್ಟು ತೋರ್ಸು” ಎನ್ನುವಳು. ತೋರಿಸಿದಲ್ಲಿ ಅಂಗಿಯ ಮೇಲೆ ಸುಣ್ಣದ ಬೊಟ್ಟು ಇಡುವಳು. ಮರುದಿನ ಆ ಬೊಟ್ಟಿನ ಮೇಲೆ ಅರಿವೆ ಬೀಳದಂತೆ ಕಟ್ಟುವಳು. ಮೂರನೆಯ ದಿನ ಚಹದಂಗಡಿಯವನು ಕೂಗಿದ: “ಏನ್ರಿ ಪೇಪರಿನವ್ರ, ಎಷ್ಟನೇ ತಿಂಗಳ? ಗಂಡಸು ಬಸರಾದ ಸುದ್ದಿ ನೀವ ಬರೀರಿ ಮತ್ತ!” ಹಿಂದೆ ಬರುತ್ತಿದ್ದ ಆಯಿ ತಲೆ ಎತ್ತದೆ, ಅವನ ಪಾದಗಳಿಗೇ ಹೇಳಿದಳು: “ನಿಮ್ಮವ್ವ ನಿನ್ನ ಹೊತ್ತಾಗ ಓಣಿ ಹಿಂಗ ನಕ್ಕಿದ್ರ, ನಾಚಿಗೊಂಡು ನಿನ್ನ ಅಲ್ಲೇ ಇಳಿಸಿ ಬರ್ತಿದ್ಲು ಲೇ.”

ಹತ್ತು ದಿನಗಳಲ್ಲಿ ಬೊಟ್ಟುಗಳು ಒಂದೊಂದಾಗಿ ಕಡಿಮೆಯಾದವು. ಆಕೆ ಕಂಡುಕೊಂಡದ್ದು ಇಷ್ಟು: ಭಾರ ಕೆಳಗಿಳಿದಷ್ಟೂ ಬೆನ್ನನ್ನು ಮುಂದಕ್ಕೆ ಎಳೆಯುತ್ತದೆ, ಎದೆಗೆ ಹತ್ತಿಕೊಂಡು ಮೇಲಿದ್ದರೆ ಬೆನ್ನು ತಾನೇ ನೆಟ್ಟಗೆ ನಿಲ್ಲುತ್ತದೆ. ಅರಿವೆ ಹೆಗಲ ಮೇಲೆ ಅಗಲವಾಗಿ ಹರಡಿರಬೇಕು, ಬೆನ್ನ ಮೇಲೆ ದಾಟಿ ಹೋಗಬೇಕು, ಗಂಟು ಸೊಂಟದ ಎಲುಬಿನ ಮೇಲೆ ಕೂರಬೇಕು. ಕೂಸನ್ನು ಕೊಟ್ಟ ದಿನ ಆಕೆ ಮೂರು ಮಾತು ಹೇಳಿ, ನನ್ನಿಂದ ಮೂರು ಸಲ ಹೇಳಿಸಿದಳು.

“ಮ್ಯಾಲೆ ಇರಬೇಕು. ಬಿಗಿ ಇರಬೇಕು. ಕೂಸಿನ ಮಾರಿ ಕಾಣಬೇಕು. ನೀ ಗೋಣು ಬಗ್ಗಿಸಿದ್ರ ಅದರ ನೆತ್ತಿಗೆ ನಿನ್ನ ತುಟಿ ಹತ್ತಬೇಕು. ಗದ್ದಕ್ಕೂ ಎದಿಗೂ ನಡುವ ಎರಡು ಬೆರಳು ಹಿಡೀಬೇಕು. ಅಳೋ ಕೂಸಿಗೆ ಹೆದರಬ್ಯಾಡ. ಸುಮ್ಮನಿದ್ರ ಹೆದರು.”

ನನ್ನ ಮಗಳು ಹುಟ್ಟಿದ ಮೇಲೆ ಮೊದಲ ಸಲ ನನ್ನ ಎದೆಗೆ ಹತ್ತಿಕೊಂಡಳು. ಬೆನ್ನು ನೋಯಲಿಲ್ಲವೆಂದಲ್ಲ, ತಡೆಯುವಷ್ಟು ನೋಯಿತು.

ಇನ್ನು ಬರೆಯಬೇಕಾದದ್ದು ನನ್ನ ತಪ್ಪು.

ಯುಗಾದಿಯ ಹಿಂದಿನ ವಾರ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದಿತ್ತು. ಕೂತು ಬರೆಯಲು ನನಗೆ ಆಗುತ್ತಿರಲಿಲ್ಲ. ಒಂದರ ಮೇಲೊಂದು ಎರಡು ಟ್ರಂಕು ಇಟ್ಟು, ನಿಂತು ಬರೆಯುತ್ತಿದ್ದೆ. ಸಂಜೆಯ ಬಸ್ಸಿಗೆ ವರದಿ ಹೋಗಬೇಕಿತ್ತು. ಕೂಸು ಎದೆಯ ಮೇಲಿತ್ತು, ಬೆವರಿತ್ತು, ಗುರುಗುಡುತ್ತಿತ್ತು. ಹೆಗಲು ಉರಿಯುತ್ತಿತ್ತು. ನಾನು ಸೊಂಟದ ಗಂಟನ್ನು ನಾಲ್ಕು ಬೆರಳಷ್ಟು ಸಡಿಲಿಸಿದೆ. ಕೂಸು ಎದೆಯಿಂದ ಹೊಟ್ಟೆಗೆ ಇಳಿಯಿತು. ಟ್ರಂಕಿನ ಅಂಚಿಗೆ ಸ್ವಲ್ಪ ಆನಿಸಿಕೊಂಡೆ. ಹೆಗಲಿನ ಭಾರ ಇಳಿಯಿತು. ಸುಖವೆನಿಸಿತು. ಕೂಸೂ ಸುಮ್ಮನಾಯಿತು. ನಿದ್ದೆ ಹತ್ತಿತು ಎಂದುಕೊಂಡೆ. ಒಂದು ಪುಟ ಒಂದೇ ಉಸಿರಿಗೆ ಬರೆದೆ.

ಆಯಿ ಹಾಲಿನ ತಂಬಿಗೆ ಹಿಡಿದು ಒಳಗೆ ಬಂದಳು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಕೂಸಿನ ನೆತ್ತಿ ಮಾತ್ರ. ಆಕೆಯ ಕಣ್ಣು ಇದ್ದದ್ದು ನನ್ನ ಹೊಟ್ಟೆಯ ಮಟ್ಟಕ್ಕೆ, ಕೂಸಿನ ಮುಖಕ್ಕೆ ಸರಿಯಾಗಿ. ತಂಬಿಗೆ ನೆಲಕ್ಕೆ ಬಿತ್ತು. ಆಕೆ ಎರಡೂ ಕೈಗಳನ್ನು ಅರಿವೆಯೊಳಗೆ ತೂರಿಸಿ ಕೂಸಿನ ತಲೆಯನ್ನು ಹಿಂದಕ್ಕೆ ಎತ್ತಿದಳು. ಗದ್ದ ಎದೆಯೊಳಗೆ ನಾಟಿಕೊಂಡಿತ್ತು. ತುಟಿಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಆಕೆ ಊದಿದಳು, ಅಂಗಾಲಿಗೆ ಹೊಡೆದಳು. ಎಷ್ಟು ಹೊತ್ತೋ ಹೇಳಲಾರೆ. ಗಡಿಯಾರ ನೋಡುವುದು ನನ್ನ ರೂಢಿ, ಅಂದು ನೋಡಲಿಲ್ಲ. ಕೂಸು ಒಮ್ಮೆ ಹರಿದ ಬಟ್ಟೆಯಂಥ ಸದ್ದಿನಿಂದ ಉಸಿರೆಳೆದು, ಆಮೇಲೆ ಅತ್ತಿತು.

ಆಯಿ ಮುಷ್ಟಿ ಕಟ್ಟಿ ನನ್ನ ಸೊಂಟಕ್ಕೆ ಗುದ್ದಿದಳು. ಬೆನ್ನು ನೋಯುವ ಜಾಗಕ್ಕೇ ಗುದ್ದಿದಳು. “ಹೇಳಿರ್ಲಿಲ್ಲೇನು? ಸುಮ್ಮನಿದ್ದ ಕೂಸನ್ನ ನಂಬಬ್ಯಾಡಂತ ಹೇಳಿರ್ಲಿಲ್ಲೇನು ನಿನಗ? ಡುಬ್ಬಕ್ಕ ಸುಖ ಬೇಕಾಗಿತ್ತೇನು?”

ಸೊಸೆ ಓಡಿ ಬಂದು ಕೂಸನ್ನು ಎತ್ತಿಕೊಂಡು ಹೊರಗೆ ಗಾಳಿಗೆ ಹೋದಳು. ಆಯಿ ಚೆಲ್ಲಿದ ಹಾಲಿನ ಪಕ್ಕದಲ್ಲೇ ಕೂತಳು. ಆಮೇಲೆ ಹೇಳಿದಳು. ನಾನು ಬರೆದುಕೊಳ್ಳಲಿಲ್ಲ, ಆದರೆ ಆ ಮಾತುಗಳನ್ನು ತಿದ್ದುವ ಅವಶ್ಯಕತೆ ಇವತ್ತಿನವರೆಗೂ ಬಂದಿಲ್ಲ.

“ನನಗೊಂದು ಇತ್ತು. ಗಂಡಸಮಗ. ಎರಡು ತಿಂಗಳದ್ದು. ಆವಾಗ್ಲೇ ಡುಬ್ಬ ಹಿಡಕೊಂಡಿತ್ತು ನನಗ, ಬಗಲಿಗೆ ಆಗ್ತಿದ್ದಿಲ್ಲ, ಹಿಂದ ಕಟ್ಟಿದ್ರ ಆಗ್ತಿದ್ದಿಲ್ಲ. ಹಬ್ಬಕ್ಕ ಸೀರಿ ಮುಗೀಬೇಕಾಗಿತ್ತು. ಡುಬ್ಬಕ್ಕ ಹಗುರ ಆಗ್ಲಿ ಅಂತ ಮುಂದ ಕಟ್ಕೊಂಡ್ನಿ, ಕೆಳಗ, ತೊಡಿ ಮ್ಯಾಲೆ ಭಾರ ಬೀಳೋ ಹಂಗ. ಹಿಂದಿನ ವಾರ ಮಗ್ಗದಾಗಿಂದ ಇಳಿಸಿದ ಹೊಸಾ ಅರಿವಿ. ನಮ್ಮ ಮನಿ ಕೂಸಿಗೆ ಮಂದಿ ಹಳೇ ಅರಿವಿ ಯಾಕ ಅಂತ ಸೊಕ್ಕು. ಗಂಜಿ ಬಿರುಸು ಇತ್ತಲ್ಲ, ಗಂಟು ಗಟ್ಟಿ ಕುಂತೈತಿ ಅನಸ್ತು. ಕೂಸು ಉಚ್ಚಿ ಹೊಯ್ಕೊಂಡಿತು. ಗಂಜಿ ತೊಯ್ತು. ಗಂಟು ಸರೀತು. ಅದು ಕೆಳಗ ಕೆಳಗ ಹೋತು. ನಾ ಅಂಚಿನ ಎಳಿ ಎಣಸಾಕತ್ತಿದ್ನಿ. ಎಣಿಕಿ ತಪ್ಪೀತಂತ ಕೆಳಗ ನೋಡ್ಲಿಲ್ಲ. ಸುಮ್ಮನೈತಲ್ಲ, ಶಾಣ್ಯಾ ಕೂಸು ಅಂದ್ಕೊಂಡ್ನಿ. ಸೆರಗು ಮುಗಿಸಿ ನೋಡಿದ್ನಿ.”

ಉರುಳಿದ್ದ ತಂಬಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

“ನಮ್ಮ ಅತ್ತಿ ಮುಂದ ಕೂಸಿಗೆ ದೃಷ್ಟಿ ಆತು ಅಂದ್ನಿ. ಗಂಡಗೂ ಹಂಗ ಅಂದ್ನಿ. ಅಂವಾ ಸಾಯೂತನಕಾ ಅವಗ ಗೊತ್ತಾಗ್ಲಿಲ್ಲ. ಆ ಸೀರಿ ಯಾರೋ ಉಟ್ರು. ಯಾರು ಅಂತ ಗೊತ್ತಿಲ್ಲ ನನಗ.”

ನನ್ನ ಸೊಂಟದಿಂದ ಜೋತಿದ್ದ ಅರಿವೆಯನ್ನು ತನ್ನ ಕಡೆ ಎಳೆದುಕೊಂಡಳು.

“ಡುಬ್ಬಕ್ಕ ಒಂದು ಬೇಕು, ಕೂಸಿಗೊಂದು ಬೇಕು, ಎರಡರಾಗ ಒಂದು ಆರಿಸ್ಬೇಕು ಅಂತ ತಿಳದಿದ್ನಿ ತಮ್ಮಾ. ನಿನಗ ಜ್ವಾಳ ಕಟ್ಟಿ ನೋಡಿದಾಗ ಗೊತ್ತಾತು. ಎರಡಕ್ಕೂ ಒಂದ ಬೇಕಿತ್ತು. ಮ್ಯಾಲೆ ಕಟ್ಟಿದ್ರ ಅದೂ ಉಳೀತಿತ್ತು, ನನ್ನ ಡುಬ್ಬಾನೂ ಉಳೀತಿತ್ತು.”

ಬಾಗಿಲಲ್ಲಿ ಕೂಸಿನ ಅಳು ಕೇಳುತ್ತಿತ್ತು. ಆಕೆ ಅದನ್ನು ಕಿವಿಗೊಟ್ಟು ಕೇಳಿದಳು. ಆಮೇಲೆ ಅರಿವೆಯಿಂದ ಹಾಲು ಒರೆಸಿ, ಬಾವಿಗೆ ಒಯ್ದು ಒಗೆದು ತಂದಳು. ಸಂಜೆ ಆಕೆಯೇ ನನಗೆ ಮತ್ತೆ ಕಟ್ಟಿದಳು. ನಾನು ಬೇಡವೆಂದೆ. “ಇವತ್ತ ಕಟ್ಟಲಿಲ್ಲಂದ್ರ ಇನ್ನ ಕಟ್ಟಾಂಗಿಲ್ಲ ನೀ” ಎಂದಳು. ಅಂದಿನ ವರದಿ ಬಸ್ಸಿಗೆ ಹೋಗಲಿಲ್ಲ.

ಯುಗಾದಿ ಮುಗಿದ ಮೂರನೆಯ ದಿನ ಹೆಂಡತಿಯ ಅಣ್ಣ ಬಂದರು. ನಾನು ಕೂಸನ್ನು ಎದೆಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೇ ಹೋಗಿದ್ದೆ. ಅವರು ನನ್ನನ್ನು ನೋಡಿ ಮುಖ ಪಕ್ಕಕ್ಕೆ ತಿರುಗಿಸಿದರು. ಹೆಂಡತಿಯ ಅಣ್ಣನೆದುರು ಕೂಸು ಹೊತ್ತು ನಿಂತ ಗಂಡಸನ್ನು ಅವರು ಅದುವರೆಗೆ ಕಂಡಿರಲಾರರು. ಮನೆಯವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಎರಡು ದಿನ ಇದ್ದರು. ಹಾಲು, ಸ್ನಾನ, ನಿದ್ದೆ, ನನ್ನ ನಡಿಗೆ ಎಲ್ಲವನ್ನೂ ಪರೀಕ್ಷೆಯ ಕೋಣೆಯಲ್ಲಿ ತಿರುಗುವ ಮಾಸ್ತರರ ಹಾಗೆ ನೋಡಿದರು. ಎರಡನೆಯ ದಿನ ಊಟವಾದ ಮೇಲೆ ಹೇಳಿದರು:

“ಸೊಲ್ಲಾಪುರಕ್ಕ ಕಾಗದ ಬರೀತೇನಿ, ಬ್ಯಾಡ ಅಂತ. ಆದ್ರೂ ಒಂದು ಮಾತು. ಅಪ್ಪ ಕೂಸು ಕಟಗೊಂಡು ಊರಾಗ ತಿರಗೋದು ನಮ್ಮ ಮನೆತನದಾಗ ಇಲ್ಲ.”

ಹೊಸ್ತಿಲಲ್ಲಿದ್ದ ಆಯಿ ಅವರ ಪಾದಗಳನ್ನು ನೋಡುತ್ತ, “ಅವ್ವ ಸತ್ತದ್ದು ಐತಲ್ರಿ ಮಾಸ್ತರ” ಎಂದಳು.

ಸಂಜೆಯ ಬಸ್ಸಿಗೆ ಅವರು ಒಬ್ಬರೇ ಕೆರೂರಿಗೆ ಹೋದರು.

ಮಗಳು ನಡೆಯಲು ಕಲಿತಳು. ಪಟ್ಟಿಯನ್ನು ಮಡಿಚಿ ಟ್ರಂಕಿನಲ್ಲಿಟ್ಟೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಸುದ್ದಿಯನ್ನೂ ಟ್ರಂಕುಗಳ ಮುಂದೆ ನಿಂತೇ ಬರೆದೆ. ಮಗಳು ಬೆಳೆದು ಆಯಿಯ ಮುಖದ ಎತ್ತರಕ್ಕೆ ಬಂದಳು. ಇಬ್ಬರೂ ಎದುರುಬದುರು ನಿಂತು ಮಾತಾಡುತ್ತಿದ್ದರು. ಓಣಿಯಲ್ಲಿ ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ. ಸಂಜೆ ಅವಳು ಆಯಿಯ ಮಗ್ಗದ ಪಕ್ಕ ನಿದ್ದೆ ಹೋದರೆ, ಆಯಿ ಲಾಳಿ ನಿಲ್ಲಿಸಿ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಮತ್ತೆ ಲಾಳಿ. ಮತ್ತೆ ಬೆರಳು.

ಮಗಳ ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಆಯಿಗೆ ದಮ್ಮು ಹತ್ತಿತು. ಬಾಗಿದ ಎದೆಯಲ್ಲಿ ಉಸಿರಿಗೆ ಜಾಗವಿಲ್ಲ ಎಂದರು ದವಾಖಾನೆಯವರು. ಮೂರನೆಯ ದಿನ ಬೆಳಿಗ್ಗೆ ಹೋದಳು.

ಗುಳೇದಗುಡ್ಡದಿಂದ ಮೈದುನನ ಮಕ್ಕಳು ಬಂದರು. ಅವರ ಪದ್ಧತಿಯಂತೆ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ತಲೆ ವಾಲದಂತೆ ಒಂದು ಅರಿವೆಯಿಂದ ಗದ್ದವನ್ನು ಎತ್ತಿ, ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ಕೂಡಿಸುವುದು ಕಷ್ಟವಾಗಲಿಲ್ಲ. ತಲೆ ಮಾತ್ರ ನಿಲ್ಲಲಿಲ್ಲ. ಶವಕ್ಕೆ ಹೊಸ ಬಟ್ಟೆಯೇ ಆಗಬೇಕೆಂದು ಅಂಗಡಿಯಿಂದ ತಂದ ಅರಿವೆಯಲ್ಲಿ ಗಂಜಿಯ ಬಿರುಸು ಹಾಗೇ ಇತ್ತು. ಮೈಯ ನೀರು ತಾಗಿದ ಕೂಡಲೇ ಗಂಟು ಸರಿಯಿತು. ಗದ್ದ ಎದೆಗೆ ಬಿತ್ತು. ಮತ್ತೆ ಕಟ್ಟಿದರು. ಮತ್ತೆ ಬಿತ್ತು.

ಮೂರನೆಯ ಸಲ ಬಿದ್ದಾಗ ನಾನು ಮನೆಗೆ ಹೋಗಿ ಟ್ರಂಕಿನಿಂದ ಪಟ್ಟಿ ತಂದೆ.

“ಹಳೇದು ಕಟ್ಟಬಾರದ್ರಿ,” ಎಂದರು ಅವರಲ್ಲಿ ಹಿರಿಯರು.

“ಆಕಿನೇ ನೇದದ್ದು,” ಎಂದೆ. “ಏಳು ನೀರಿಗೆ ಹಾಕ್ಯಾಳ. ಇದು ಜಾರೂದಿಲ್ಲ.”

ಉಳಿದದ್ದನ್ನು ಹೇಳಲಿಲ್ಲ. ಇಂದಿನವರೆಗೆ ಯಾರಿಗೂ ಹೇಳಿಲ್ಲ. ಅದನ್ನು ಬಲ್ಲವರಾಗಲಿ, ಅದರಿಂದ ನೋಯುವವರಾಗಲಿ ಈಗ ಯಾರೂ ಉಳಿದಿಲ್ಲವಾದ್ದರಿಂದ ಬರೆದಿದ್ದೇನೆ.

ಅವರು ಸರಿದು ಜಾಗ ಕೊಟ್ಟರು. ಕಟ್ಟುವ ಬಗೆ ನನಗೆ ಗೊತ್ತಿತ್ತು. ಗದ್ದದ ಕೆಳಗೆ ಅರಿವೆಯನ್ನು ಅಗಲವಾಗಿ ಹರಡಿದೆ, ಎದೆಗೂ ಗದ್ದಕ್ಕೂ ನಡುವೆ ಎರಡು ಬೆರಳು ಇಟ್ಟು ನೋಡಿದೆ, ಗಂಟು ಬಿಗಿದೆ. ತಲೆ ನಿಂತಿತು. ಬಾಗಿಲಲ್ಲಿ ನೆರೆದಿದ್ದ ಓಣಿಯ ಜನ ಅಂದು ಮೊದಲ ಸಲ ಆಕೆಯ ಮುಖವನ್ನು ಎದುರಿನಿಂದ ನೋಡಿದರು. “ಹಿಂಗಿದ್ದಳೇನ ಆಯಿ” ಎಂದು ಮಗ್ಗುಲ ಮನೆಯ ಸೊಸೆ ಅತ್ತಳು. ನನ್ನ ಮಗಳಿಗೆ ಮಾತ್ರ ಆ ಮುಖ ಹೊಸದಾಗಿರಲಿಲ್ಲ.

ಪಟ್ಟಿ ಆಕೆಯ ಜೊತೆಗೇ ಮಣ್ಣಿಗೆ ಹೋಯಿತು.

ಮಣ್ಣು ಕೊಟ್ಟು ಬರುವಾಗ ಮಗಳು ಕಾಲು ನೋಯುತ್ತವೆ ಎಂದು ಎರಡು ಕೈ ಚಾಚಿದಳು. ಎತ್ತಿ ಕೊಡುವವರು ಮುಂದೆ ಹೋಗಿಬಿಟ್ಟಿದ್ದರು. ದಾರಿಯ ಪಕ್ಕದ ಕಲ್ಲಿನ ಮೇಲೆ ಮೆಲ್ಲಗೆ ಕೂತೆ. ಅವಳು ತಾನೇ ತೊಡೆ ಹತ್ತಿ ಎದೆಗೆ ಒರಗಿದಳು. ಸ್ವಲ್ಪ ಹೊತ್ತು ಏನೋ ಕೇಳುತ್ತಿದ್ದವಳು ಸುಮ್ಮನಾದಳು. ಗದ್ದಕ್ಕೆ ಬೆರಳು ಕೊಟ್ಟು ಮುಖ ಎತ್ತಿ ನೋಡಿದೆ. ನಿದ್ದೆ ಬಂದಿತ್ತು, ಅಷ್ಟೇ. ಉಸಿರಿತ್ತು.